ಸ್ನಾರ್ಕೆಲ್ ಹಾಕಿಸಿದರೆ ತುಂಬಿದ ಹಳ್ಳ ದಾಟಬಹುದೇ? ಗಾಡಿ ಸಜ್ಜು ಮಾಡುವ ಫಾರ್ವರ್ಡ್‌ಗಳ ಹಿಂದಿನ ಸತ್ಯ

ಮಳೆಗಾಲ ಶುರುವಾದರೆ ಸಾಕು, ವಾಟ್ಸಾಪ್ ಗ್ರೂಪ್‌ಗಳಲ್ಲಿ ಒಂದು ಬಗೆಯ ವಿಡಿಯೊ ಓಡಾಡತೊಡಗುತ್ತದೆ. ಸೇತುವೆಯ ಮೇಲೆ ಕೆಂಪು ನೀರು ಹರಿಯುತ್ತಿದೆ. ದಂಡೆಯಲ್ಲಿ ಜನ ಮೊಬೈಲ್ ಎತ್ತಿ ಹಿಡಿದು ನಿಂತಿದ್ದಾರೆ. ಜೀಪೊಂದು ನೀರು ಸೀಳಿಕೊಂಡು ಆಚೆ ದಡ ಸೇರುತ್ತದೆ. ಫೋರ್ ವೀಲ್ ಡ್ರೈವ್ ಇದ್ದವನಿಗೆ ರಸ್ತೆಯೇ ಬೇಡ ಎಂಬಂಥ ಒಂದು ಸಾಲು ಕೆಳಗಿರುತ್ತದೆ. ಬೆನ್ನಿಗೇ ಇನ್ನೊಂದು ಮೆಸೇಜ್ ಬರುತ್ತದೆ: ನಿಮ್ಮ ಗಾಡಿಯನ್ನೂ ಹೀಗೆ ಮಾಡಿಸಿ, ದಪ್ಪ ಟೈರು, ಮುಂದೆ ಕಬ್ಬಿಣದ ಗಾರ್ಡ್, ಟಾಪ್ ಮೇಲೆ ಕ್ಯಾರಿಯರ್, ಪಕ್ಕದಲ್ಲಿ ಸ್ನಾರ್ಕೆಲ್, ನೆತ್ತಿಯ ಮೇಲೆ ಸಾಲು ದೀಪ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯವರಿಗೆ ಇದು ಬರೀ ಶೋಕಿಯ ಮಾತಲ್ಲ. ಡಾಂಬರಿಲ್ಲದ ದಾರಿಯಲ್ಲಿ ಗಾಡಿ ಹೊಡೆಯುವುದು ಇಲ್ಲಿ ದಿನದ ಕೆಲಸ. ಬನದ ಹುಣ್ಣಿಮೆಗೋ ಭಾರತ ಹುಣ್ಣಿಮೆಗೋ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಕಟ್ಟಿಕೊಂಡು ದಿನಗಟ್ಟಲೆ ಪ್ರಯಾಣ ಮಾಡಿದ ಮನೆತನಗಳು ಈ ಭಾಗದಲ್ಲೂ ಮಹಾರಾಷ್ಟ್ರದಲ್ಲೂ ಬೇಕಾದಷ್ಟಿವೆ. ಮೇಲೆ ತಾಡಪತ್ರಿ, ಒಳಗೆ ಜೋಳದ ಕಣಿಕೆ, ರೊಟ್ಟಿ ಬುತ್ತಿ, ನೀರಿನ ಕೊಡ, ಕೀಲೆಣ್ಣೆ. ಇಂದು 'ಎಕ್ಸ್‌ಪೆಡಿಷನ್ ಗಾಡಿ' ಎಂದು ಕರೆಯುವುದು ಇದನ್ನೇ. ಈಗ ಚಕ್ಕಡಿಯ ಜಾಗಕ್ಕೆ ಟ್ರ್ಯಾಕ್ಟರ್, ಪಿಕಪ್, ಥಾರ್, ಬೊಲೆರೊ ಬಂದಿವೆ. ಹಾಗಾಗಿ ಫಾರ್ವರ್ಡ್‌ಗಳ ಪಟ್ಟಿಯನ್ನು ಇದೇ ನೆಲದ ಮೇಲಿಟ್ಟು ನೋಡೋಣ.

ಮೊದಲು ನೀರು

ಸ್ನಾರ್ಕೆಲ್ ಮಾಡುವ ಕೆಲಸ ಒಂದೇ. ಎಂಜಿನ್ ಉಸಿರಾಡುವ ಗಾಳಿಯನ್ನು ಬಾನೆಟ್ ಒಳಗಿನಿಂದ ಎಳೆಯುವ ಬದಲು ಟಾಪ್ ಎತ್ತರದಿಂದ ಎಳೆಯುತ್ತದೆ. ಇದು ಉಪಯುಕ್ತವೇ. ಗಾಳಿಯ ಜೊತೆ ನೀರು ಸಿಲಿಂಡರ್‌ಗೆ ಹೋದರೆ ಪಿಸ್ಟನ್ ಅದನ್ನು ಒತ್ತಲು ನೋಡುತ್ತದೆ. ಗಾಳಿಯಂತೆ ನೀರು ಕುಗ್ಗುವುದಿಲ್ಲ, ಆದ್ದರಿಂದ ಕನೆಕ್ಟಿಂಗ್ ರಾಡ್ ಬಾಗುತ್ತದೆ. ನೀರಿನ ನಡುವೆ ಎಂಜಿನ್ ಬಂದಾದರೆ ಮತ್ತೆ ಮತ್ತೆ ಸ್ಟಾರ್ಟ್ ಮಾಡಬೇಡಿ ಎಂದು ಮೆಕ್ಯಾನಿಕ್‌ಗಳು ಹೇಳುವುದು ಇದಕ್ಕೇ.

ಆದರೆ ಹರಿಯುವ ನೀರಿನಲ್ಲಿ ಜನ ಸಾಯುವುದು ಎಂಜಿನ್ ಕೆಟ್ಟಿದ್ದರಿಂದಲ್ಲ, ಗಾಡಿ ತೇಲಿದ್ದರಿಂದ. ಒಂದು ಸರಳ ಲೆಕ್ಕ ಹಾಕೋಣ. ಗಾಡಿಯ ತೂಕ 1800 ಕಿಲೋ, ಒಳಗಿನ ನೆಲದ ಅಳತೆ ಸುಮಾರು 4 ಚದರ ಮೀಟರ್ ಎಂದುಕೊಳ್ಳಿ. ನೀರು ಆ ನೆಲದ ಮಟ್ಟ ದಾಟಿ ಪ್ರತಿ 10 ಸೆಂಟಿಮೀಟರ್ ಏರಿದಾಗಲೂ ಗಾಡಿ 400 ಲೀಟರ್ ನೀರನ್ನು ಪಕ್ಕಕ್ಕೆ ಸರಿಸುತ್ತದೆ. ಅಂದರೆ 400 ಕಿಲೋ ಬಲ ಅದನ್ನು ಮೇಲಕ್ಕೆ ಎತ್ತುತ್ತದೆ. 20 ಸೆಂಟಿಮೀಟರ್ ಏರಿದರೆ ಟೈರುಗಳು ನೆಲವನ್ನು ಒತ್ತುತ್ತಿರುವುದು 1000 ಕಿಲೋ ಮಾತ್ರ. 45ಕ್ಕೆ ಅದು ದೋಣಿ. ಗಾಡಿ ಪೂರ್ತಿ ತೇಲುವವರೆಗೂ ನೀರು ಕಾಯುವುದಿಲ್ಲ, ಹಿಡಿತ ಸಡಿಲವಾದರೆ ಸಾಕು, ಪಕ್ಕದಿಂದ ತಳ್ಳುತ್ತದೆ. ಹರಿವಿನ ವೇಗ ಇಮ್ಮಡಿಯಾದರೆ ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ.

ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆ ಅಲ್ಲಿನ ಜನರಿಗೆ ಹೇಳುವ ಅಳತೆ ನೆನಪಿಡಲು ಸುಲಭ. ರಭಸದ ನೀರು ಅರ್ಧ ಅಡಿ ಇದ್ದರೆ ದೊಡ್ಡವರನ್ನೂ ಬೀಳಿಸಬಲ್ಲದು. ಒಂದು ಅಡಿ ಇದ್ದರೆ ಸಣ್ಣ ಕಾರು ಹೋಗುತ್ತದೆ. ಎರಡು ಅಡಿಯಲ್ಲಿ ಹೆಚ್ಚಿನ ಗಾಡಿಗಳು, ದೊಡ್ಡ ಎಸ್‌ಯುವಿ ಸೇರಿ, ಕೊಚ್ಚಿಹೋಗುತ್ತವೆ.

'ಆದರೆ ಥಾರ್ 650 ಮಿಲಿಮೀಟರ್ ನೀರಲ್ಲಿ ಹೋಗುತ್ತೆ, ಗೂರ್ಖಾ 700 ಅಂತ ಕಂಪನಿಯವರೇ ಹೇಳಿದ್ದಾರಲ್ಲ?' ಹೌದು, ಹೇಳಿದ್ದಾರೆ. ಅದು ನಿಂತ ನೀರಿಗೆ, ಗಟ್ಟಿ ತಳಕ್ಕೆ, ನಿಧಾನದ ವೇಗಕ್ಕೆ ಹೊಂದುವ ಅಂಕಿ. ಪ್ರವಾಹದ ನೀರಿನಡಿ ಸೇತುವೆ ಉಳಿದಿದೆಯೋ ಇಲ್ಲವೋ ಎಂಬುದು ಆ ಅಂಕಿಯಲ್ಲಿ ಇರುವುದಿಲ್ಲ.

ಮಲಪ್ರಭೆಯ ವಿಷಯದಲ್ಲಿ ಇನ್ನೊಂದು ಮೋಸವಿದೆ. ನದಿ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ಪಶ್ಚಿಮ ಘಟ್ಟದ ಜಡಿಮಳೆಯಲ್ಲಿ. ಸವದತ್ತಿ ಬಳಿಯ ನವಿಲುತೀರ್ಥದಲ್ಲಿ ಗುಡ್ಡಗಳ ಇಕ್ಕಟ್ಟಿಗೆ ಕಟ್ಟಿದ ಅಣೆಕಟ್ಟು ಆ ನೀರನ್ನು ಹಿಡಿದಿಡುತ್ತದೆ. ಜಲಾಶಯ ತುಂಬಿದರೆ ಗೇಟು ತೆರೆಯಲೇಬೇಕು. ಕೆಳಗಿರುವ ರಾಮದುರ್ಗದಲ್ಲಿ ಆ ದಿನ ಒಂದು ಹನಿಯೂ ಬೀಳದೆ ಬಿಸಿಲು ಕಾಯುತ್ತಿರಬಹುದು, ಆದರೂ ಸೇತುವೆ ಮುಳುಗುತ್ತದೆ. 2019ರ ಆಗಸ್ಟ್‌ನಲ್ಲಿ ರಾಮದುರ್ಗದ ಬಡಾವಣೆಗಳಿಗೂ ನದಿಯಂಚಿನ ಹಳ್ಳಿಗಳಿಗೂ ಮಲಪ್ರಭೆ ನುಗ್ಗಿದ್ದನ್ನು ಇಲ್ಲಿನವರು ಮರೆತಿಲ್ಲ. ಆಕಾಶ ನೋಡಿ ನೀರಿನ ಅಂದಾಜು ಮಾಡುವ ಹಳ್ಳದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಗೇಟಿನಿಂದ ಎಷ್ಟು ಕ್ಯೂಸೆಕ್ ಬಿಟ್ಟರು ಎಂಬ ಸುದ್ದಿಯೇ ನೋಡಬೇಕಾದದ್ದು. ಫಾರ್ವರ್ಡ್ ಮಾಡುವುದಿದ್ದರೆ ಅದನ್ನು ಮಾಡಿ.

ಎರಿ ಮಣ್ಣು ಮತ್ತು ದಪ್ಪ ಟೈರು

ಕಿತ್ತೂರಿನಿಂದ ಪಶ್ಚಿಮಕ್ಕೆ ಹೊರಟರೆ ಕೆಂಪು ಮಣ್ಣು, ಮಲೆನಾಡಿನ ಅಂಚು. ಬೈಲಹೊಂಗಲ ದಾಟಿ ಪೂರ್ವಕ್ಕೆ ಬಂದಷ್ಟೂ ಎರಿ ಭೂಮಿ. ಗಾಡಿಗೆ ಯಾವ ಟೈರು ಬೇಕು ಎಂಬ ಪ್ರಶ್ನೆಗೆ ಉತ್ತರ ಇರುವುದು ಈ ವ್ಯತ್ಯಾಸದಲ್ಲಿ. ಗುಡ್ಡದಲ್ಲಿ ಕಲ್ಲು ಹತ್ತುವ ರೀಲ್ಸ್ ನೋಡಿ ಆರಿಸಿದ ಟೈರು ಎರಿ ಹೊಲದಲ್ಲಿ ಏನೂ ಮಾಡಲಾರದು.

ಎರಿ ಮಣ್ಣಿನ ಜೇಡಿಯಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಖನಿಜವಿದೆ. ಅದು ತೆಳು ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿಟ್ಟಂತೆ ಇರುತ್ತದೆ. ಮಳೆಯಾದಾಗ ನೀರು ಆ ಹಾಳೆಗಳ ನಡುವೆ ಸೇರಿ ಮಣ್ಣು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಹಸಿಯಾದಾಗ ಒಳಗೆ ಜಾರುತ್ತದೆ, ಮೇಲೆ ಅಂಟುತ್ತದೆ. ಎರಡೂ ಒಟ್ಟಿಗೇ. ಟೈರಿನ ಹಲ್ಲುಗಳ ಸಂದಿಗೆ ಈ ಮಣ್ಣು ತುಂಬಿಕೊಂಡರೆ ನಾಲ್ಕೈದು ಸುತ್ತಿನಲ್ಲಿ ದುಬಾರಿ ಮಡ್ ಟೈರೂ ಬೋಳು ಟೈರಿನಂತೆಯೇ ಜಾರುತ್ತದೆ. ಅಗಲ ಸಂದಿಯ ಟೈರು ತಿರುಗುವ ವೇಗಕ್ಕೆ ಮಣ್ಣನ್ನು ಎಸೆಯುತ್ತದೆ ನಿಜ. ಆದರೆ ಆ ವೇಗಕ್ಕೆ ಗಾಡಿ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ.

ಫೋರ್ ವೀಲ್ ಡ್ರೈವ್ ಎಂಜಿನ್ನಿನ ಬಲವನ್ನು ಎರಡರ ಬದಲು ನಾಲ್ಕು ಚಕ್ರಕ್ಕೆ ಹಂಚುತ್ತದೆ. ಹಿಡಿತವನ್ನು ಸೃಷ್ಟಿಸುವುದಿಲ್ಲ. ಹಿಡಿತವೇ ಇಲ್ಲದ ಕಡೆ ನಾಲ್ಕೂ ಜಾರುತ್ತವೆ. ಬ್ರೇಕ್ ಹಿಡಿಯುವಾಗ ಅದರಿಂದ ಒಂದು ಪೈಸೆಯ ಲಾಭವೂ ಇಲ್ಲ, ಏಕೆಂದರೆ ಬ್ರೇಕ್ ಎಲ್ಲ ಗಾಡಿಗೂ ನಾಲ್ಕು ಚಕ್ರಕ್ಕೇ ಇರುತ್ತದೆ. ಥಾರ್ ಇದೆ ಎಂದು ಒದ್ದೆ ಇಳಿಜಾರಿನಲ್ಲಿ ವೇಗ ಹೆಚ್ಚಿಸುವವರು ಈ ಮಾತನ್ನು ಡ್ಯಾಶ್‌ಬೋರ್ಡ್ ಮೇಲೆ ಅಂಟಿಸಿಕೊಳ್ಳಬಹುದು.

ನಿಜವಾಗಿ ವ್ಯತ್ಯಾಸ ಮಾಡುವುದು ಟೈರಿನೊಳಗಿನ ಗಾಳಿ. ಒಂದು ಚಕ್ರದ ಮೇಲೆ 450 ಕಿಲೋ ಭಾರವಿದೆ ಎಂದುಕೊಳ್ಳಿ. 32 ಪಿಎಸ್‌ಐ ಗಾಳಿಯಿದ್ದರೆ ಆ ಟೈರು ನೆಲಕ್ಕೆ ತಾಗುವುದು ಸ್ಥೂಲವಾಗಿ 200 ಚದರ ಸೆಂಟಿಮೀಟರ್, ಬೆರಳು ಸೇರಿಸಿ ನಿಮ್ಮ ಒಂದು ಅಂಗೈಗಿಂತ ತುಸು ಹೆಚ್ಚು. 18ಕ್ಕೆ ಇಳಿಸಿದರೆ 350ರ ಆಸುಪಾಸು. ಭಾರ ಅದೇ, ತಾಗುವ ಜಾಗ ಮುಕ್ಕಾಲು ಪಟ್ಟು ಹೆಚ್ಚು, ಆದ್ದರಿಂದ ಹುಗಿಯುವುದು ಕಡಿಮೆ. ನದಿಯ ಮರಳಿನಲ್ಲಿ, ಸಡಿಲ ಮಣ್ಣಿನಲ್ಲಿ ಇದು ಬಹಳ ಉಪಕಾರಿ. ಅಂಟು ಎರಿಯಲ್ಲಿ ಉಪಕಾರ ಕಡಿಮೆ. ಮತ್ತೆ ಡಾಂಬರು ರಸ್ತೆಗೆ ಬಂದ ಕೂಡಲೇ ಗಾಳಿ ತುಂಬಿಸಲೇಬೇಕು, ಇಲ್ಲವಾದರೆ ಟೈರಿನ ಪಕ್ಕದ ಗೋಡೆ ಬಾಗಿ ಬಾಗಿ ಬಿಸಿಯಾಗಿ ಹರಿಯುತ್ತದೆ. ಗಾಳಿ ಅಳೆಯುವ ಗೇಜು, 12 ವೋಲ್ಟಿನ ಪಂಪು: ಮೊದಲು ಕೊಳ್ಳಬೇಕಾದ ಸಾಮಾನು ಇವು. ರೀಲ್ಸ್‌ನಲ್ಲಿ ಚೆನ್ನಾಗಿ ಕಾಣುವುದಿಲ್ಲ, ಅಷ್ಟೇ.

ಇನ್ನು ಮಳೆ ಬಿದ್ದ ಎರಿ ಹೊಲಕ್ಕೆ? ರೈತರು ಮಾಡುವುದನ್ನೇ ಮಾಡಬೇಕು, ಹರ ಆಗುವವರೆಗೆ ಕಾಯಬೇಕು. ಭತ್ತದ ಗದ್ದೆಯ ಕೆಸರಿಗೆ ಟ್ರ್ಯಾಕ್ಟರ್‌ಗೆ ಕಬ್ಬಿಣದ ಕೇಜ್ ವೀಲ್ ಹಾಕುತ್ತಾರೆ. ಅಂಥದ್ದೊಂದು ಚಕ್ರವೇ ಬೇಕಾಗುವ ಜಾಗಕ್ಕೆ ಜೀಪು ಇಳಿಸುವುದರಲ್ಲಿ ಜಾಣತನ ಕಾಣುವುದಿಲ್ಲ.

ಭಾರ ಎಲ್ಲಿ ಕೂರುತ್ತದೆ

ಚಕ್ಕಡಿ ಹೂಡುವವರು ಬಳಸುವ ಎರಡು ಪದಗಳಿವೆ: ಮುಂಭಾರ, ಹಿಂಭಾರ. ಹೇರಿದ ಸಾಮಾನು ಅಚ್ಚಿನಿಂದ ಮುಂದಕ್ಕೆ ಹೆಚ್ಚಾದರೆ ನೊಗ ಎತ್ತಿನ ಹೆಗಲ ಮೇಲೆ ಕೂರುತ್ತದೆ. ಹಿಂದಕ್ಕೆ ಹೆಚ್ಚಾದರೆ ನೊಗ ಮೇಲೆದ್ದು ಎತ್ತಿನ ಕುತ್ತಿಗೆ ಬಿಗಿಯುತ್ತದೆ. ಅದಕ್ಕೇ ಭಾರದ ಚೀಲ ಕೆಳಗೆ, ಅಚ್ಚಿನ ಮೇಲೆ. ಹಗುರದ ಹಾಸಿಗೆ, ಕಣಿಕೆ ಮೇಲೆ.

ಟಾಪ್ ಕ್ಯಾರಿಯರ್ ಇದಕ್ಕೆ ಉಲ್ಟಾ ಕೆಲಸ ಮಾಡುತ್ತದೆ. 20 ಲೀಟರಿನ ನಾಲ್ಕು ನೀರಿನ ಕ್ಯಾನ್ ಇಟ್ಟರೆ 80 ಕಿಲೋ, ಮೇಲೆ ಸ್ಟೆಪ್ನಿ, ಟೆಂಟು. ಹೆಚ್ಚಿನ ಗಾಡಿಗಳ ಮ್ಯಾನ್ಯುವಲ್ ಟಾಪ್ ಮೇಲೆ ಒಪ್ಪುವುದು 50ರಿಂದ 100 ಕಿಲೋ ಒಳಗೆ, ಅದೂ ಕ್ಯಾರಿಯರಿನ ತೂಕ ಸೇರಿ. ಗುರುತ್ವ ಕೇಂದ್ರ ಮೇಲೇರಿದಷ್ಟೂ ತಿರುವಿನಲ್ಲಿ ಪಲ್ಟಿಯಾಗುವ ಸಂಭವ ಹೆಚ್ಚು. ಜೀಪಿನ ಜಾತಿಯ ಗಾಡಿ ಮೊದಲೇ ಎತ್ತರದ್ದು. ಇನ್ನು ಮೇಲೆ ಡೀಸೆಲ್ ಕ್ಯಾನ್ ಕಟ್ಟುವುದು ಈ ನಾಲ್ಕು ತಾಲ್ಲೂಕಿನಲ್ಲಿ ಏಕೆ ಬೇಕು ಎಂದು ನನಗೆ ಗೊತ್ತಾಗಿಲ್ಲ. ಬಂಕು ಸಿಗದಷ್ಟು ದೂರ ಇಲ್ಲಿ ಯಾವ ಊರೂ ಇಲ್ಲ.

ಆದರೆ ಜಾತ್ರೆಯ ಹಾದಿಯಲ್ಲಿ ಮೇಲಕ್ಕೆ ಹೇರುವ ಭಾರ ಕ್ಯಾನ್ ಅಲ್ಲ, ಮನುಷ್ಯರು. ಸರಕಿನ ಪಿಕಪ್‌ನಲ್ಲಿ ನಿಂತವರ ಭಾರ ಸೊಂಟದ ಎತ್ತರದಲ್ಲಿರುತ್ತದೆ, ತಿರುವಿನಲ್ಲಿ ಎಲ್ಲರೂ ಒಂದೇ ಕಡೆ ವಾಲುತ್ತಾರೆ. ಹಿಡಿಯಲು ಬೆಲ್ಟ್ ಇಲ್ಲ, ತಡೆಯಲು ಸೀಟಿಲ್ಲ. 2023ರ ಜನವರಿಯಲ್ಲಿ ಯಲ್ಲಮ್ಮನ ಗುಡ್ಡಕ್ಕೆ ಹೊರಟಿದ್ದ ಭಕ್ತರಿದ್ದ ಗೂಡ್ಸ್ ಗಾಡಿ ರಾಮದುರ್ಗ ತಾಲ್ಲೂಕಿನ ಚುಂಚನೂರ ಬಳಿ ರಸ್ತೆಬದಿಯ ಮರಕ್ಕೆ ಬಡಿದು 6 ಮಂದಿ ಸತ್ತರು. ಅದು ಕಾಡಿನ ಹಾದಿಯಲ್ಲ, ಎಲ್ಲರೂ ಓಡಾಡುವ ರಸ್ತೆ.

ಕಬ್ಬಿಣದ ಗಾರ್ಡ್, ಸಾಲು ದೀಪ

ಗಾರ್ಡ್ ಇದ್ದರೆ ಡಿಕ್ಕಿಯಾದರೂ ನಮಗೇನೂ ಆಗದು ಎಂಬುದು ತಪ್ಪು. ಗಾಡಿಯ ಮೂತಿಯನ್ನು ಕಂಪನಿಯವರು ಬೇಕೆಂದೇ ಮುದುಡುವಂತೆ ಮಾಡಿರುತ್ತಾರೆ, ಮುದುಡುವಾಗ ಡಿಕ್ಕಿಯ ಹೊಡೆತವನ್ನು ಅದು ನುಂಗುತ್ತದೆ. ಚಾಸಿಗೆ ಬೋಲ್ಟ್ ಮಾಡಿದ ಗಾರ್ಡ್ ಆ ಹೊಡೆತವನ್ನು ನೇರ ಒಳಗೆ ದಾಟಿಸುತ್ತದೆ, ಏರ್‌ಬ್ಯಾಗ್ ಸೆನ್ಸರ್‌ನ ಲೆಕ್ಕವನ್ನೂ ಕೆಡಿಸಬಹುದು. ಎದುರಿಗೆ ಬಂದ ಪಾದಚಾರಿಯ ಗತಿಯನ್ನು ಬೇರೆ ಹೇಳಬೇಕಿಲ್ಲ. ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ಇವುಗಳ ಮೇಲೆ ಕ್ರಮ ಕೈಗೊಳ್ಳುವಂತೆ ರಾಜ್ಯಗಳಿಗೆ ಬರೆದಿತ್ತು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಿಸುವಂತಿಲ್ಲ. 2019ರ ತಿದ್ದುಪಡಿಯ ನಂತರ ಇಂಥ ಪ್ರತಿ ಬದಲಾವಣೆಗೂ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು.

ದೀಪದ ವಿಷಯ ಬೆಂಕಿಯದ್ದು. 55 ವ್ಯಾಟ್ ಬಲ್ಬಿಗೆ 12 ವೋಲ್ಟಿನಲ್ಲಿ ನಾಲ್ಕೂವರೆ ಆಂಪಿಯರ್ ಹರಿದರೆ, 100 ವ್ಯಾಟಿಗೆ ಎಂಟು ದಾಟುತ್ತದೆ. ಅದೇ ಹಳೆಯ ವೈರಿಗೆ, ರಿಲೇ, ಫ್ಯೂಸ್ ಇಲ್ಲದೆ ಜೋಡಿಸಿದರೆ ವೈರಿನ ಹೊದಿಕೆ ಕರಗುತ್ತದೆ. ರಾತ್ರಿ ಹಾದಿಯಲ್ಲಿ ಬೇಕಾದದ್ದು ನಮಗೆ ಕಾಣುವುದಷ್ಟೇ ಅಲ್ಲ, ನಾವು ಕಾಣುವುದು ಕೂಡ. ಟ್ರೇಲರ್ ಹಿಂದೆ, ಚಕ್ಕಡಿಯ ಹಿಂದೆ ಅಂಟಿಸುವ 'ರೇಡಿಯಂ' ಪಟ್ಟಿ (ಅದರಲ್ಲಿ ರೇಡಿಯಂ ಇರುವುದಿಲ್ಲ, ಬೆಳಕನ್ನು ಬಂದ ಕಡೆಗೇ ಹಿಂದಿರುಗಿಸುವ ಸಣ್ಣ ಗಾಜಿನ ಮಣಿಗಳಿರುತ್ತವೆ) ಸಾಲು ದೀಪದ ಬೆಲೆಯ ಹತ್ತರಲ್ಲೊಂದು ಪಾಲೂ ಆಗದು.

ಬೇಸಿಗೆಯ ಎರಡು ಮೆಸೇಜುಗಳನ್ನು ಬೇಗ ಮುಗಿಸಿಬಿಡೋಣ. ಬಿಸಿಲಿಗೆ ಟ್ಯಾಂಕ್ ಪೂರ್ತಿ ತುಂಬಿಸಿದರೆ ಸ್ಫೋಟವಾಗುತ್ತದೆ ಎಂಬುದು ಸುಳ್ಳು, ಇಂಡಿಯನ್ ಆಯಿಲ್ ಹೆಸರಲ್ಲಿ ಓಡಾಡಿದ ಆ ಎಚ್ಚರಿಕೆಯನ್ನು ಅದೇ ಸಂಸ್ಥೆ ನಿರಾಕರಿಸಿದೆ. ಬಿಸಿಯಾದ ಟೈರಿನಿಂದ ಗಾಳಿ ಬಿಡಿ ಎಂಬುದೂ ತಪ್ಪು. 25 ಡಿಗ್ರಿಯ ಟೈರು ಓಡಿ 55 ಡಿಗ್ರಿಗೆ ಬಿಸಿಯಾದರೆ 32 ಪಿಎಸ್‌ಐ ಸುಮಾರು 37 ಆಗುತ್ತದೆ. ಇದು ಕಂಪನಿಯವರಿಗೆ ಗೊತ್ತಿದ್ದೇ ತಣ್ಣಗಿರುವಾಗಿನ ಅಂಕಿ ಕೊಟ್ಟಿರುತ್ತಾರೆ. ಆಗ ಗಾಳಿ ಬಿಟ್ಟರೆ ಟೈರು ಇನ್ನಷ್ಟು ಬಾಗಿ ಇನ್ನಷ್ಟು ಬಿಸಿಯಾಗುತ್ತದೆ.

ಗಾಡಿ ಹುಗಿದಾಗ ಬೇಕಾಗುವುದು ಒಂದು ಸಲಿಕೆ, ಚಕ್ರದಡಿ ಹಾಕಲು ಹಲಗೆ ಅಥವಾ ದಪ್ಪ ಗೋಣಿಚೀಲ, ಜಾಕ್ ಊರಲು ಅಗಲ ಮರದ ತುಂಡು, ಮತ್ತು ಎಳೆಯುವ ಪಟ್ಟಿ. ಎಕ್ಸಿಲರೇಟರ್ ತುಳಿಯುವ ಮೊದಲು ಚಕ್ರದ ಮುಂದಿನ ಮಣ್ಣು ತೆಗೆಯಿರಿ. ಟ್ರ್ಯಾಕ್ಟರ್ ಬಂದು ಎಳೆಯುವುದಾದರೆ ಚೈನನ್ನು ಬಂಪರಿಗೂ ಗಾರ್ಡಿಗೂ ಕಟ್ಟಬೇಡಿ, ಗಾಡಿಯ ಎಳೆಯುವ ಹುಕ್ಕಿಗೇ ಕಟ್ಟಿ. ಬಿಗಿದ ಚೈನು ಅಥವಾ ಪಟ್ಟಿ ಹರಿದರೆ ಚಾಟಿಯಂತೆ ಬೀಸುತ್ತದೆ, ಕಿತ್ತು ಬಂದ ಕಬ್ಬಿಣದ ತುಂಡು ಗುಂಡಿನಂತೆ ಹಾರುತ್ತದೆ. ಅದರ ಮಧ್ಯಕ್ಕೆ ಒಂದು ಒದ್ದೆ ಗೋಣಿಚೀಲ ಹಾಕಿ. ವಿಡಿಯೊ ಮಾಡುವವರನ್ನೂ ಮಕ್ಕಳನ್ನೂ ಚೈನಿನ ಉದ್ದದ ಒಂದೂವರೆ ಪಟ್ಟು ದೂರಕ್ಕೆ ಕಳಿಸಿದ ಮೇಲೆಯೇ ಎಳೆಯಲು ಹೇಳಿ.