ಗ್ಯಾರೇಜಿನ ಲೆಕ್ಕ: ಬಿಲ್ಲಿನ ಮೊತ್ತವೊಂದೇ ಮೆಕ್ಯಾನಿಕ್‌ಗೆ ಅಳತೆಗೋಲಲ್ಲ

ಮುಂಬಯಿ ಕನ್ನಡಿಗರ ಉದ್ಯಮ ಎಂದೊಡನೆ ಎಲ್ಲರಿಗೂ ನೆನಪಾಗುವುದು ಹೋಟೆಲು. ಆದರೆ ದ್ವಿಚಕ್ರ ವಾಹನಗಳ ಗ್ಯಾರೇಜು, ಎ.ಸಿ., ಫ್ರಿಜ್ ದುರಸ್ತಿಯಂತಹ ಸಣ್ಣ ವ್ಯವಹಾರಗಳನ್ನು ನಂಬಿ ಈ ಮಹಾನಗರದಲ್ಲಿ ಬದುಕು ಕಟ್ಟಿಕೊಂಡವರೂ ಇದ್ದಾರೆ. ಹೋಟೆಲಿನ ಗಲ್ಲಾಪೆಟ್ಟಿಗೆಯ ಲೆಕ್ಕ ಆಯಾ ದಿನವೇ ತಿಳಿಯುತ್ತದೆ. ಗ್ಯಾರೇಜಿನದ್ದು ಹಾಗಲ್ಲ. ಇಂದು ಬಿಲ್ ಪಾವತಿಸಿ ಹೋದ ಗಾಡಿ ವಾರದೊಳಗೆ ಅದೇ ದೂರಿನೊಂದಿಗೆ ಮರಳಿದರೆ ಅಂದಿನ ಲಾಭ ಅಂದೇ ಕರಗಿದಂತೆ.

ಮುಂದಿನ ತಿಂಗಳು ಎಷ್ಟು ವ್ಯಾಪಾರವಾದೀತು, ಯಾವ ಹುಡುಗನ ಕೆಲಸ ಚೆನ್ನಾಗಿದೆ ಎಂಬ ಎರಡು ಪ್ರಶ್ನೆಗಳಿಗೂ ಸಣ್ಣ ಮಾಲಕರು ಉತ್ತರಿಸುವುದು ಸಾಮಾನ್ಯವಾಗಿ ಬರೇ ಅಂದಾಜಿನಿಂದ. ಆದರೆ ಇವೆರಡಕ್ಕೂ ಒಂದೇ ನೋಟ್‌ಪುಸ್ತಕ ಸಾಕು. ಬಂದ ಗಾಡಿ, ಮಾಡಿದ ಕೆಲಸ, ಮಾಡಿದವರ ಹೆಸರು, ತಗಲಿದ ವೇಳೆ, ಬಿಲ್, ಮರಳಿ ಬಂತೇ ಇಲ್ಲವೇ ಎಂಬಿಷ್ಟನ್ನು ದಿನವೂ ಬರೆದಿಟ್ಟರಾಯಿತು.

ಮೊದಲು ವ್ಯಾಪಾರದ ಮುನ್ನಂದಾಜು. ಮುಂಗಾರು ಮುಂಬಯಿಗೆ ಕಾಲಿಡುವುದು ಸಾಮಾನ್ಯವಾಗಿ ಜೂನ್ ಎರಡನೇ ವಾರದಲ್ಲಿ. ಅದಕ್ಕೆ ಮುನ್ನ ಬ್ರೇಕ್, ಟಯರ್ ಕೆಲಸ. ಮಳೆಯಲ್ಲಿ ಪ್ಲಗ್, ವೈರಿಂಗ್. ಹೊಂಡಗುಂಡಿಗಳ ಕೃಪೆಯಿಂದ ಬೇರಿಂಗ್, ಶಾಕ್ ಅಬ್ಸಾರ್ಬರ್. ಆದುದರಿಂದ ಮೇ ತಿಂಗಳನ್ನು ಏಪ್ರಿಲ್ ಜತೆ ಹೋಲಿಸುವುದಕ್ಕಿಂತ ಹಿಂದಿನ ವರ್ಷದ ಮೇ ಜತೆ ಹೋಲಿಸುವುದೇ ಸರಿ. ಉದಾಹರಣೆಗೆ, ಕಳೆದ ಮೇಯಲ್ಲಿ 240 ಗಾಡಿಗಳು ಬಂದಿದ್ದು, ಈ ವರ್ಷದ ಮೊದಲ ನಾಲ್ಕು ತಿಂಗಳಲ್ಲಿ ಹಿಂದಿನ ವರ್ಷಕ್ಕಿಂತ ಶೇ. 10ರಷ್ಟು ಹೆಚ್ಚು ಬಂದಿದ್ದರೆ, ಈ ಮೇಯಲ್ಲಿ ಸುಮಾರು 264 ಗಾಡಿಗಳನ್ನು ನಿರೀಕ್ಷಿಸಬಹುದು. ಸರಾಸರಿ ಬಿಲ್ 700 ರೂ. ಎಂದಿಟ್ಟುಕೊಂಡರೆ ವಹಿವಾಟು 1,84,800 ರೂ. ಆದರೆ ಅಸಾಮಾನ್ಯ ತಿಂಗಳುಗಳನ್ನು ಈ ಲೆಕ್ಕದಿಂದ ಹೊರಗಿಡಬೇಕು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿದು ವಾಹನಗಳು ನೀರಿನಲ್ಲಿ ಮುಳುಗಿದವು. 2020ರ ಲಾಕ್‌ಡೌನ್‌ನಲ್ಲಿ ಅಂಗಡಿಗಳು ಬಾಗಿಲು ಹಾಕಿದವು. ಅಂತಹ ತಿಂಗಳನ್ನು ಆಧಾರವಾಗಿಟ್ಟುಕೊಂಡರೆ ಮರುವರ್ಷದ ಅಂದಾಜು ತಲೆಕೆಳಗಾಗುವುದರಲ್ಲಿ ಎರಡು ಮಾತಿಲ್ಲ.

ಇದು ಬರೇ ಕಾಗದದ ಕಸರತ್ತಲ್ಲ. ಊರಿನಲ್ಲಿ ಮದುವೆ, ನೇಮ, ಜಾತ್ರೆ ಎಂದು ಹುಡುಗರು ರಜೆ ಕೇಳುವುದೂ ಮೇ ತಿಂಗಳಲ್ಲೇ, ಮಳೆಗೆ ಮುಂಚಿನ ಗಿರಾಕಿಗಳು ಮುಗಿಬೀಳುವುದೂ ಆಗಲೇ. ಮಾರ್ಚ್‌ನಲ್ಲೇ ಅಂದಾಜು ಕೈಯಲ್ಲಿದ್ದರೆ ರಜೆಯನ್ನು ಸರದಿಯಂತೆ ಹಂಚಬಹುದು, ಬೇಕಾದ ಬಿಡಿಭಾಗ ತರಿಸಿಡಬಹುದು. ಕೊನೇ ಗಳಿಗೆಯ ಮನಸ್ತಾಪವೂ ತಪ್ಪುತ್ತದೆ.

ಇನ್ನು ಮೆಕ್ಯಾನಿಕ್‌ನ ಕೆಲಸದ ಅಳತೆ. ಗಾಡಿಗಳ ಸಂಖ್ಯೆಯನ್ನಷ್ಟೇ ಎಣಿಸುವುದು ಅನ್ಯಾಯ. ಒಬ್ಬ ತಿಂಗಳಿಗೆ 120 ಗಾಡಿಗಳ ಸರ್ವಿಸಿಂಗ್ ಮಾಡುತ್ತಾನೆ, ಇನ್ನೊಬ್ಬ 20 ಇಂಜಿನ್ ಕೆಲಸ ಮಾಡುತ್ತಾನೆ ಎನ್ನೋಣ. ಸರ್ವಿಸಿಂಗ್‌ಗೆ 1 ಗಂಟೆ, ಇಂಜಿನ್ ಕೆಲಸಕ್ಕೆ 7 ಗಂಟೆ ಎಂದು ನಿಗದಿಪಡಿಸಿದರೆ ಮೊದಲಿನವನದ್ದು 120 ಗಂಟೆ, ಎರಡನೆಯವನದ್ದು 140 ಗಂಟೆ. ಮೊದಲಿನವನ 12 ಗಾಡಿಗಳು ಮರಳಿ ಬಂದು ಪುಕ್ಕಟೆ ದುರಸ್ತಿಯಾದರೆ ಅವನ ಲೆಕ್ಕ 108ಕ್ಕೆ ಇಳಿಯುತ್ತದೆ.

ಬಿಲ್ಲಿನ ಮೇಲೆ ಕಮಿಷನ್ ಕೊಡುವುದು ಇನ್ನೂ ಅಪಾಯಕಾರಿ. 1992ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ಸರಕಾರವು, ಸಿಯರ್ಸ್ ಕಂಪೆನಿಯ ವಾಹನ ದುರಸ್ತಿ ಕೇಂದ್ರಗಳು ಅನಗತ್ಯ ಕೆಲಸ ಹೇರಿ ಗಿರಾಕಿಗಳಿಂದ ಹಣ ಕೀಳುತ್ತಿವೆ ಎಂದು ಆರೋಪಿಸಿತು. ಅಲ್ಲಿನ ಸಿಬ್ಬಂದಿಗೆ ಕಮಿಷನ್ ಮತ್ತು ಮಾರಾಟದ ಗುರಿ ಇತ್ತು. ಕೊನೆಗೆ ಕಂಪೆನಿ ಆ ಕಮಿಷನ್ ಪದ್ಧತಿಯನ್ನೇ ಕೈಬಿಡಬೇಕಾಯಿತು. ಅಷ್ಟು ದೊಡ್ಡ ಕಂಪೆನಿಗೆ ತಟ್ಟಿದ ಪೆಟ್ಟನ್ನು ಗಲ್ಲಿಯ ಗ್ಯಾರೇಜು ತಾಳಿಕೊಳ್ಳಲಾರದು. ಇಲ್ಲಿ ಗಿರಾಕಿ ಬರುವುದೇ ವಿಶ್ವಾಸದ ಮೇಲೆ.

ಅಂಕಿಗಳು ಎಲ್ಲವನ್ನೂ ಹೇಳುವುದಿಲ್ಲ ಎಂಬುದೂ ಅಷ್ಟೇ ನಿಜ. ಮಾಲಕರೇ ತಂದ ನಕಲಿ ಬಿಡಿಭಾಗ ಕೈಕೊಟ್ಟರೆ ಅದರ ಹೊಣೆ ಮೆಕ್ಯಾನಿಕ್‌ನ ತಲೆಗೆ ಕಟ್ಟಬಾರದು. ಯಾರಿಂದಲೂ ಆಗದ ಗಾಡಿಗಳೆಲ್ಲ ಬರುವುದು ಹಿರಿಯ ಮೆಕ್ಯಾನಿಕ್‌ನ ಕೈಗೆ. ಹೊಸ ಹುಡುಗರಿಗೆ ಕೆಲಸ ಕಲಿಸುವವರೂ ಅವರೇ. ಆ ವೇಳೆಗೂ ಬೆಲೆಯಿದೆ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದ ಮೇಲೆ ಬಹುತೇಕ ಹೊಸ ದ್ವಿಚಕ್ರ ವಾಹನಗಳಲ್ಲಿ ಕಾರ್ಬ್ಯುರೇಟರ್ ಬದಲು ಫ್ಯುಯೆಲ್ ಇಂಜೆಕ್ಷನ್ ಇದೆ. ಸ್ಕ್ಯಾನರ್ ಜೋಡಿಸಿ ದೋಷ ಹುಡುಕುವುದೂ ಕೆಲಸವೇ ಎಂದು ಪುಸ್ತಕದಲ್ಲಿ ನಮೂದಾಗಬೇಕು.

ಎಲ್ಲಕ್ಕಿಂತ ಮುಖ್ಯವಾಗಿ ಈ ಪುಸ್ತಕ ಹುಡುಗರಿಗೂ ತೆರೆದಿರಬೇಕು. ಸಂಬಳ ಏರಿಕೆಯಾಗಲಿ, ಬೋನಸ್ ಆಗಲಿ ಯಾವ ಲೆಕ್ಕದ ಮೇಲೆ ಸಿಕ್ಕಿತೆಂದು ತಿಳಿಯದವನು ಇವತ್ತಲ್ಲ ನಾಳೆ ಬೇರೆ ದಾರಿ ಹುಡುಕುತ್ತಾನೆ. ಕೆಲಸ ಕಲಿತ ಹುಡುಗ ಎದುರಿನ ರಸ್ತೆಯಲ್ಲೇ ಅಂಗಡಿ ತೆರೆದ ಎಂದು ಆಮೇಲೆ ದೂರಿ ಫಲವಿಲ್ಲ.

ಹಗಲು ಹೋಟೆಲಿನಲ್ಲಿ ದುಡಿದವರಿಗೆ ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿಸಿದ ಪರಂಪರೆ ಮುಂಬಯಿ ಕನ್ನಡಿಗರದ್ದು. ಸನ್ಮಾನ, ಸಾಂಸ್ಕೃತಿಕ ಕಾರ್ಯಕ್ರಮಗಳ ಜತೆಗೆ ಸಂಘಸಂಸ್ಥೆಗಳು ವರ್ಷಕ್ಕೊಂದು ಭಾನುವಾರವನ್ನು ಸಣ್ಣ ಉದ್ದಿಮೆದಾರರ ಲೆಕ್ಕಪತ್ರದ ಶಿಬಿರಕ್ಕೆ ಮೀಸಲಿಟ್ಟರೆ ಅದು ಆ ಪರಂಪರೆಯ ಮುಂದುವರಿಕೆಯೇ ಆದೀತು. ಅಂತಹ ಶಿಬಿರಕ್ಕೆ ಮಾಲಕರು ತಮ್ಮ ಮೆಕ್ಯಾನಿಕ್‌ರನ್ನೂ ಜತೆಗೆ ಕರೆತರುವುದು ಒಳಿತು.