ಸೀಸ ಇಳಿಸುವ ಔಷಧಿ, ಹುಡುಗರ ಹಟ

‘ಹುಡುಗ ಬಾಳ ಸಿಡುಕ ಆಗ್ಯಾನ, ದೃಷ್ಟಿ ಆಗೇತಿ’ ಎನ್ನುವುದು ವಡಗಾವಿಯ ಮಗ್ಗದ ಓಣಿಗಳಲ್ಲಿ ಹೊಸ ಮಾತಲ್ಲ. ಆದರೆ ಉದುರಿದ ಹಳೇ ಬಣ್ಣ, ಬ್ಯಾಟರಿ ಒಡೆಯುವ ಜಾಗದ ಮಣ್ಣು ಇವುಗಳಿಂದ ಮೈಗೆ ಸೇರುವ ಸೀಸವೂ ಮಕ್ಕಳನ್ನು ಹೀಗೇ ಮಾಡುತ್ತದೆ.

100 ಮಿ.ಲೀ. ರಕ್ತದಲ್ಲಿ ಸೀಸ 45 ಮೈಕ್ರೋಗ್ರಾಂ ಮುಟ್ಟಿದರೆ ಅದನ್ನು ಹೊರಹಾಕುವ ಔಷಧಿ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ. ಔಷಧಿ ನಡೆದಾಗ ಕೆಲ ಮಕ್ಕಳಿಗೆ ವಾಂತಿ, ತೂಕಡಿಕೆ ಬರುತ್ತದೆ, ಊಟ ಸೇರುವುದಿಲ್ಲ. ನಿಲ್ಲಿಸಿದ ಮೇಲೆ ಎಲುಬಿನ ಸೀಸ ಮತ್ತೆ ರಕ್ತಕ್ಕೆ ಇಳಿಯುತ್ತದೆ. ಇಂಥ ಹೊತ್ತಿನಲ್ಲಿ ಕೂಸು ರಂಪ ಮಾಡಿತೆಂದು ಬಡಿದರೆ ಏನು ಬಂತು? ವೈದ್ಯರಿಗೆ ತಿಳಿಸಬೇಕು.

ಔಷಧಿಯೇನು ಮಂತ್ರದಂಡವಲ್ಲ. ಅಮೇರಿಕದಲ್ಲಿ ಇದಕ್ಕಿಂತ ಕಡಿಮೆ ಸೀಸವಿದ್ದ 780 ಮಕ್ಕಳ ಮೇಲೆ ನಡೆದ ಪರೀಕ್ಷೆಯ ವರದಿ 2001ರಲ್ಲಿ ಬಂತು: ಔಷಧಿಯಿಂದ ಸೀಸ ಇಳಿಯಿತು, ಬುದ್ಧಿ-ನಡತೆ ಸುಧಾರಿಸಲಿಲ್ಲ. 2005ರಲ್ಲಿ ಅಲ್ಲಿಯೇ, ಆಟಿಸಂ ವಾಸಿಯಾದೀತೆಂದು ಇಂಥದೇ ಔಷಧಿ ಚುಚ್ಚಿಸಿಕೊಂಡ ಐದು ವರ್ಷದ ಬಾಲಕ ಕ್ಯಾಲ್ಸಿಯಂ ಕುಸಿದು ಸತ್ತ.

ಆದ್ದರಿಂದ ಮೊದಲು ರಕ್ತ ಪರೀಕ್ಷೆ, ಆಮೇಲೆ ಔಷಧಿ. ಅದಕ್ಕೂ ಮೊದಲು ಮನೆ ಮುಂದಿನ ಸೀಸ ತೊಲಗಲಿ. ಈ ಪರೀಕ್ಷೆ ನೇಕಾರರ ಮಕ್ಕಳ ಕೈಗೆಟಕುವಂತೆ ಮಾಡುವುದು ಸರಕಾರದ ಕೆಲಸ. ಮಾಡೀತೇ?