ಬೀಗದ ಕೈ ಬಂತು, ಮೆಟ್ಟಿಲು ಯಾರದು?

ಕಳೆದ ಶ್ರಾವಣದಲ್ಲಿ ನಮ್ಮ ಬಸವ ಬಳಗದ ಕುಟುಂಬವೊಂದರ ಗುರುಪ್ರವೇಶಕ್ಕೆ ಹೋಗಿದ್ದೆ. ಹೋಮವಿಲ್ಲ, ಮುಹೂರ್ತವಿಲ್ಲ. ಇಷ್ಟಲಿಂಗ ಪೂಜೆ, ಸಾಮೂಹಿಕ ಪ್ರಾರ್ಥನೆ, ಪ್ರಸಾದ, ಅಷ್ಟೇ. ಇಪ್ಪತ್ತು ವರ್ಷ ಬಾಡಿಗೆ ಮನೆಯಲ್ಲಿದ್ದ ಹೊಲಿಗೆ ಕಾಯಕದ ತಾಯಿ, ಪ್ರಧಾನಮಂತ್ರಿ ಆವಾಸ್ ಯೋಜನೆಯಡಿ ಸಿಕ್ಕ ಮನೆಯ ಬೀಗದ ಕೈಯನ್ನು ಕಣ್ಣಿಗೊತ್ತಿಕೊಂಡರು. ಮೂರನೇ ಮಹಡಿಯ ಆ ಮನೆ ಥಳಥಳ ಹೊಳೆಯುತ್ತಿತ್ತು. ಆದರೆ ಅಲ್ಲಿಗೆ ಹತ್ತಿಹೋದ ಮೆಟ್ಟಿಲ ಮೇಲೆ ಎಲೆಅಡಿಕೆಯ ಉಗುಳು, ಮೂಲೆಯಲ್ಲಿ ಕಸ, ಉರಿಯದ ದೀಪ. ಇಳಿಯುವಾಗ ಹಿರಿಯರೊಬ್ಬರನ್ನು ಕೇಳಿದೆ, ಇದನ್ನು ಗುಡಿಸುವವರು ಯಾರು ಎಂದು. "ಸರ್ಕಾರದವರು ಬರಬೇಕ್ರೀ, ಯಾರೂ ಬರಾಂಗಿಲ್ಲ" ಎಂದರು.

ಆ ಉತ್ತರವೇ ನನ್ನನ್ನು ಈ ಲೇಖನ ಬರೆಯಲು ಕೂರಿಸಿದೆ.

ಈ ಮನೆ ಯಾರೂ ಕೊಟ್ಟ ದಾನವಲ್ಲ. 2015ರಲ್ಲಿ ಆರಂಭವಾದ ಆವಾಸ್ ಯೋಜನೆಯ ನಗರ ವಿಭಾಗದಲ್ಲಿ, ಸಹಭಾಗಿತ್ವದ ವಸತಿ ಸಮುಚ್ಚಯದ ಒಂದು ಮನೆಗೆ ಕೇಂದ್ರದ ನೆರವು 1.5 ಲಕ್ಷ ರೂಪಾಯಿ. ಅದಕ್ಕೆ ರಾಜ್ಯದ ಪಾಲು ಸೇರುತ್ತದೆ. ಮಿಕ್ಕದ್ದು ಕುಟುಂಬದ ದುಡಿಮೆ ಮತ್ತು ಬ್ಯಾಂಕಿನ ಸಾಲ. ಹೀಗೆ ಕಂತು ಕಟ್ಟಿ ಮನೆ ಕೊಂಡವರನ್ನು ನಾವು 'ಫಲಾನುಭವಿ' ಎಂದು ಕರೆದು ಕರೆದು, ತಾವು ಮಾಲೀಕರೆಂಬುದನ್ನು ಅವರೇ ಮರೆತಿದ್ದಾರೆ. ಮಾಲೀಕತ್ವ ಬಾಗಿಲ ಒಳಗಿನ ಮೂವತ್ತು ಚದರ ಮೀಟರಿಗೇ ಮುಗಿಯುವುದಿಲ್ಲ. ಅಪಾರ್ಟ್‌ಮೆಂಟ್ ಮಾಲೀಕತ್ವಕ್ಕೆಂದು ನಮ್ಮ ರಾಜ್ಯದಲ್ಲಿ 1972ರಲ್ಲೇ ಕಾಯ್ದೆ ಬಂದಿದೆ. ಅದರ ಪ್ರಕಾರ ಮೆಟ್ಟಿಲು, ಮಾಳಿಗೆ, ನೀರಿನ ತೊಟ್ಟಿ, ಚರಂಡಿ ಇವುಗಳಲ್ಲಿ ಪ್ರತಿ ಮನೆಗೂ ಅವಿಭಾಜ್ಯ ಪಾಲಿದೆ. ಎಲ್ಲರದೂ ಆದದ್ದನ್ನು ಯಾರದೂ ಅಲ್ಲವೆಂದು ಬಿಟ್ಟರೆ, ಕೆಲವೇ ಮಳೆಗಾಲಗಳಲ್ಲಿ ಸೋರುವ ಮಾಳಿಗೆ ನಮ್ಮ ತಲೆಯ ಮೇಲೆಯೇ ಇರುತ್ತದೆ.

ಬಡವರ ಮೇಲೇಕೆ ಇನ್ನೊಂದು ಹೊರೆ ಎಂದು ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಕಟ್ಟಿದವರ ತಪ್ಪನ್ನು ವಾಸಿಸುವವರು ಹೊರಬೇಕಿಲ್ಲ. ಸ್ವಾಧೀನಕ್ಕೆ ಪಡೆದ 5 ವರ್ಷಗಳೊಳಗೆ ಕಟ್ಟಡದ ರಚನೆ ಅಥವಾ ಕಾಮಗಾರಿಯ ದೋಷವನ್ನು ಗಮನಕ್ಕೆ ತಂದರೆ, 30 ದಿನಗಳಲ್ಲಿ ಹಣ ಪಡೆಯದೆ ಸರಿಪಡಿಸಬೇಕೆಂದು 2016ರ ರಿಯಲ್ ಎಸ್ಟೇಟ್ ಕಾಯ್ದೆ ಹೇಳುತ್ತದೆ. ಆದರೆ ಅರ್ಜಿ ಬರೆಯುವವರು ಯಾರು? ಗೋಡೆ ಬಿರುಕು ಬಿಟ್ಟ ಮನೆಯಾಕೆ ಒಬ್ಬಳೇ ಕಚೇರಿ ಅಲೆದರೆ ಕೇಳುವವರಿಲ್ಲ. ಸಂಘದ ಹೆಸರಿನಲ್ಲಿ ಹೋದರೆ ಕಡತ ಅಲುಗುತ್ತದೆ.

ಇನ್ನು ನಾವೇ ತಂದುಕೊಳ್ಳುವ ಕೇಡು ವಾಸ್ತು. ಇಂಥ ಎಷ್ಟೋ ಸಮುಚ್ಚಯಗಳಲ್ಲಿ ಗೋಡೆಗಳನ್ನೂ ಕಾಂಕ್ರೀಟಿನಲ್ಲೇ ಎರಕ ಹೊಯ್ದಿರುತ್ತಾರೆ. ಮೇಲಿನ ಮಹಡಿಗಳ ಭಾರ ಹೊರುವುದು ಆ ಗೋಡೆಗಳೇ. ಅಡುಗೆಮನೆ ಆಗ್ನೇಯಕ್ಕೆ ಬರಲಿಲ್ಲವೆಂದು ಒಬ್ಬರು ಗೋಡೆ ಒಡೆದರೆ, ಅಪಾಯ ಮೇಲೆ ಕೆಳಗೆ ಮಲಗಿದವರಿಗೆಲ್ಲ. ದಿಕ್ಕಿನ ಭಯವನ್ನು ಶರಣರು ಹನ್ನೆರಡನೇ ಶತಮಾನದಲ್ಲೇ ಕಿತ್ತೊಗೆದರು. ಲಿಂಗ ಧರಿಸಿಯೂ ಗೋಡೆ ಒಡೆಸುವವರಿಗೆ ಏನು ಹೇಳೋಣ?

ಎಲ್ಲಕ್ಕಿಂತ ನೋವಿನ ಮಾತು ಮುಂದಿದೆ. ಚೀಟಿ ಎತ್ತಿ ಮನೆ ಹಂಚಿದ ಕಟ್ಟಡದಲ್ಲಿ ಎಲ್ಲ ಜಾತಿಯವರೂ ಒಂದೇ ಮೆಟ್ಟಿಲು ಹತ್ತುತ್ತಾರೆ. ಆದರೆ ಗುಡಿಸುವ ಮಾತು ಬಂದಾಗ ಎಲ್ಲರ ಕಣ್ಣು ಒಂದೇ ಬಾಗಿಲ ಕಡೆ ತಿರುಗುತ್ತದೆ. ಮಲದ ಗುಂಡಿ ತುಂಬಿದರೆ 'ಅವರನ್ನು ಕರೆಸಿ' ಎನ್ನುತ್ತಾರೆ. ರಕ್ಷಣೆಯಿಲ್ಲದೆ ಮನುಷ್ಯರನ್ನು ಗುಂಡಿಗೆ ಇಳಿಸುವುದು 2013ರ ಕಾಯ್ದೆಯ ಪ್ರಕಾರ ಶಿಕ್ಷಾರ್ಹ ಅಪರಾಧ. ಗುಂಡಿಗೆ ಬರಬೇಕಾದದ್ದು ಹೀರುವ ಯಂತ್ರದ ವಾಹನ. ಅದರ ಬಾಡಿಗೆಗೆ ಸಂಘದಲ್ಲಿ ಹಣವಿಲ್ಲದಿದ್ದಾಗಲೇ ಅಗ್ಗಕ್ಕೆ ಒಬ್ಬ ಮನುಷ್ಯನನ್ನು ಹುಡುಕುತ್ತೇವೆ. ಅಂಗಳ ಗುಡಿಸುವುದನ್ನೇ ಕಾಯಕವಾಗಿಸಿಕೊಂಡ ಸತ್ಯಕ್ಕನನ್ನು ವೇದಿಕೆಯ ಮೇಲೆ ಹೊಗಳುವ ನಾವು, ನಮ್ಮ ಮೆಟ್ಟಿಲಿಗೆ ಪೊರಕೆ ಹಿಡಿಯಲು ಹಿಂಜರಿದರೆ ಆ ಹೊಗಳಿಕೆಗೆ ಅರ್ಥವಿಲ್ಲ. ಪ್ರತಿ ಮನೆಗೂ ಸರದಿ ಬರಲಿ, ಗಂಡಸರಿಗೂ ಬರಲಿ.

ಹಣದ ಲೆಕ್ಕ ದೊಡ್ಡದಲ್ಲ. ಹದಿನಾರು ಮನೆಗಳು ತಿಂಗಳಿಗೆ 300 ರೂಪಾಯಿಯಂತೆ ಹಾಕಿದರೆ ವರ್ಷಕ್ಕೆ 57,600 ರೂಪಾಯಿ. ತೊಟ್ಟಿ ತೊಳೆಸಲು, ಮೋಟರು ರಿಪೇರಿಗೆ, ಗುಂಡಿ ಖಾಲಿ ಮಾಡಿಸಲು ಅದು ಆಧಾರ. ಕೂಲಿ ಸಿಗದ ತಿಂಗಳು ಯಾರಿಗಾದರೂ ಕಟ್ಟಲಾಗದಿದ್ದರೆ ನೀರು ನಿಲ್ಲಿಸಬಾರದು, ಉಳಿದವರು ಹೊರಬೇಕು. ಇದನ್ನೇ ಅಲ್ಲವೇ ದಾಸೋಹ ಎನ್ನುವುದು? ಹಾಗೆಯೇ ಲೆಕ್ಕ ಎಲ್ಲರ ಕಣ್ಣಿಗೆ ಕಾಣುವಂತೆ ಗೋಡೆಗೆ ಅಂಟಿಸಿರಲಿ. ಗಂಡ ಹೆಚ್ಚಿಗೆ ತಂದ ಅಕ್ಕಿಯನ್ನು ಹಿಂದಕ್ಕೆ ಸುರಿದು ಬರಲು ಕಳಿಸಿದ ಆಯ್ದಕ್ಕಿ ಲಕ್ಕಮ್ಮನಂಥವರು ಖಜಾಂಚಿಯಾಗಲಿ. ಯೋಜನೆಯ ನಿಯಮವೇ ಮನೆಯನ್ನು ಮಹಿಳೆಯ ಹೆಸರಿನಲ್ಲಿ ಅಥವಾ ಜಂಟಿಯಾಗಿ ಮಾಡಬೇಕೆನ್ನುತ್ತದೆ. ಹಕ್ಕುಪತ್ರದಲ್ಲಿರುವ ತಾಯಿಯ ಹೆಸರು ಸಭೆಯ ಹಾಜರಿ ಪುಸ್ತಕದಲ್ಲೂ ಇರಬೇಡವೇ?

ಮಠಗಳಲ್ಲಿ, ಬಸವ ಕೇಂದ್ರಗಳಲ್ಲಿ ನನ್ನದೊಂದು ಬಿನ್ನಹ. ಗುರುಪ್ರವೇಶಕ್ಕೆ ಪೂಜ್ಯರನ್ನು ಬರಮಾಡಿಕೊಳ್ಳಲು ಬಂದವರಿಗೆ ಎರಡು ಪ್ರಶ್ನೆ ಕೇಳಿ: ಕಟ್ಟಡಕ್ಕೆ ಸಂಘವಾಗಿದೆಯೇ? ಗುಂಡಿ ತೆಗೆಯಲು ಯಂತ್ರ ಬರುತ್ತದೆಯೇ? ಆಗಿಲ್ಲದಿದ್ದರೆ ಕಾನೂನು ಬಲ್ಲ ಒಬ್ಬ ಶರಣರನ್ನು ಜೊತೆಗೆ ಕಳಿಸಿ. ಪ್ರವೇಶದ ದಿನ ಬೆಳಿಗ್ಗೆ ಪೂಜೆಗೆ ಮೊದಲು ಎಲ್ಲ ಮನೆಗಳವರೂ ಸೇರಿ ಕೆಳಗಿನಿಂದ ಮಾಳಿಗೆಯವರೆಗೆ ಮೆಟ್ಟಿಲು ತೊಳೆಯಲಿ. ಆ ಮೆಟ್ಟಿಲು ಹತ್ತಿಯೇ ಗುರು ಮನೆಯೊಳಗೆ ಬರಲಿ.